ಭವ್ಯಶ್ರೀಯ ತಂಪು ಕನ್ನಡಕ

ತಂಪು ಕನ್ನಡಕ ಹಾಕಿಕೊಂಡವರನ್ನು ಕಂಡರೆ ಭವ್ಯಶ್ರೀಗೆ ಮೈ ಉರಿಯುತ್ತಿತ್ತು. ದೋಹಾದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುವುದು ಅವಳ ಕೆಲಸ. ಪಕ್ಕದ ಸೀಟಿನಲ್ಲಿ ಕೂತು, ಕಾಲಡಿಯಲ್ಲಿ ತನ್ನದೇ ಒಂದು ಬ್ರೇಕ್ ಇಟ್ಟುಕೊಂಡು, ರೌಂಡಬೌಟ್ ಬಂದ ಕೂಡಲೇ ದೇವರ ಹೆಸರು ಹೇಳುವವರನ್ನೆಲ್ಲ ಆಚೆ ದಾಟಿಸುತ್ತಿದ್ದಳು. ಊರು ಕಾಪು, ಮನೆಮಾತು ತುಳು. ಬಿಸಿಲಿಗೆ ಹೆದರುವುದು ಕೈಲಾಗದವರ ಲಕ್ಷಣ ಎಂದು ಅವಳ ನಂಬಿಕೆ.

"ನಮ್ಮಲ್ಲಿ ಕಡಲ ಬದಿಯಲ್ಲಿ ಮೀನು ಒಣಗಿಸುವವರು ಗ್ಲಾಸ್ ಹಾಕ್ತಾರಾ? ಇದೆಲ್ಲ ಶೋಕಿ ಮಾರಾಯ್ರೆ" ಎನ್ನುತ್ತಿದ್ದಳು.

ಈ ತಾತ್ಸಾರಕ್ಕೆ ದಿನವೂ ಎಣ್ಣೆ ಎರೆಯುತ್ತಿದ್ದವನು ಗಿರಿಧರ್. ಮದೀನತ್ ಖಲೀಫಾ ಬಡಾವಣೆಯಲ್ಲಿ ಒಂದು ದೊಡ್ಡ ವಿಲ್ಲಾವನ್ನು ನಡುವೆ ಗೋಡೆ ಹಾಕಿ ಬಾಡಿಗೆಗೆ ಬಿಟ್ಟಿದ್ದರು. ಒಂದು ಭಾಗದಲ್ಲಿ ಭವ್ಯಶ್ರೀ ಮತ್ತು ಅವಳ ಗಂಡ ವಿನಯ್, ಇನ್ನೊಂದರಲ್ಲಿ ಮೈಸೂರಿನ ಗಿರಿಧರ್. ಯಾವುದೋ ಆಫೀಸಿನಲ್ಲಿ ಮ್ಯಾನೇಜರ್. ಅವನ ತಂಪು ಕನ್ನಡಕದ ಕಡ್ಡಿಯ ಮೇಲೆ ಬ್ರಾಂಡಿನ ಹೆಸರು ಬಂಗಾರದ ಬಣ್ಣದಲ್ಲಿ, ರಸ್ತೆಯ ಆಚೆ ಬದಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿತ್ತು. ಸೂಪರ್‌ಮಾರ್ಕೆಟ್ಟಿನ ಒಳಗೂ ಅದನ್ನು ತೆಗೆಯುತ್ತಿರಲಿಲ್ಲ. ಹಣ್ಣು ಯಾವುದು, ಕಾಯಿ ಯಾವುದು ಗೊತ್ತಾಗದೆ ಟೊಮೆಟೊವನ್ನು ಮೂಸಿ ಆರಿಸುತ್ತಿದ್ದ. ಭವ್ಯಶ್ರೀ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಮಾತು ದಂಡ ಎಂದು ಅವಳ ಮುಖವೇ ಹೇಳುತ್ತಿತ್ತು.

ಆ ವರ್ಷ ಬೇಸಿಗೆ ಶುರುವಾದಾಗ ಅವಳ ಎಡಗಣ್ಣು ಕೆಂಪಾಗತೊಡಗಿತು. ಒಳಗೆ ಮರಳು ಬಿದ್ದ ಹಾಗೆ ಕರಕರ. ಮೊದಲು ಧೂಳನ್ನು ಬೈದಳು, ಆಮೇಲೆ ಏಸಿಯನ್ನು, ಆಮೇಲೆ ಕಲಿಯಲು ಬರುವವರು ಪೂಸಿಕೊಳ್ಳುವ ಅತ್ತರನ್ನು. ವಿನಯ್ ಎರಡು ಸಲ ಡಾಕ್ಟರ ಮಾತೆತ್ತಿ, ಎರಡು ಸಲವೂ ಬೈಸಿಕೊಂಡ.

ಅವಳ ಹತ್ತಿರ ಕಲಿಯುತ್ತಿದ್ದವರಲ್ಲಿ ಗಗನಾ ಎಂಬ ಬೆಂಗಳೂರಿನ ಹುಡುಗಿಯೊಬ್ಬಳಿದ್ದಳು. ಸ್ಟೀರಿಂಗನ್ನು ಬಿಸಿ ತಟ್ಟೆ ಹಿಡಿದ ಹಾಗೆ ಹಿಡಿಯುವವಳು. "ಇವಳಿಗೆ ಲೈಸೆನ್ಸ್ ಸಿಕ್ಕಿದ್ರೆ ನಾನು ಊರಿಗೆ ನಡ್ಕೊಂಡೇ ಹೋಗ್ತೇನೆ" ಎಂದು ಭವ್ಯಶ್ರೀ ಗಂಡನ ಮುಂದೆ ಆಡಿಕೊಂಡಿದ್ದಳು. ಒಂದು ಸಂಜೆ ಇಬ್ಬರೂ ಪಡುವಣಕ್ಕೆ ಮುಖ ಮಾಡಿ ಹೋಗುತ್ತಿದ್ದಾಗ ಇಳಿಬಿಸಿಲು ಗಾಜಿಗೆ ರಾಚಿತು. ಭವ್ಯಶ್ರೀಯ ಕಣ್ಣಲ್ಲಿ ದಳದಳ ನೀರು ಇಳಿದು ಎದುರು ಬರೀ ಬಿಳಿ. "ಹೋಗು, ಹೋಗು, ರಸ್ತೆ ಖಾಲಿ ಉಂಟು" ಎಂದಳು.

ಗಗನಾ ಹೋಗಲಿಲ್ಲ. ಗಟ್ಟಿಯಾಗಿ ಬ್ರೇಕ್ ಒತ್ತಿದಳು. ಕಾರಿನ ಮೂತಿಗೆ ತಾಗುವಷ್ಟು ಹತ್ತಿರದಲ್ಲಿ ನೀರಿನ ಟ್ಯಾಂಕರೊಂದು ನಿಂತಿತ್ತು.

"ಮೇಡಂ, ನಿಮ್ಗೆ ಅದು ಕಾಣಿಸ್ಲೇ ಇಲ್ವಾ?"

ಆ ಹುಡುಗಿಯ ದನಿಯಲ್ಲಿ ಗಾಬರಿ ಬಿಟ್ಟರೆ ಬೇರೇನೂ ಇರಲಿಲ್ಲ. ಇಡೀ ದೋಹಾಕ್ಕೆ ಡ್ರೈವಿಂಗ್ ಬರುವುದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದವಳಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ. ಮರುದಿನವೇ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಒಂದು ಕ್ಲಿನಿಕ್ಕಿಗೆ ಹೋದಳು.

ಕಣ್ಣಿನ ಡಾಕ್ಟರ್ ರೋಸ್‌ಮೇರಿ ಮಂಗಳೂರಿನವರು, ಊರ ಕಡೆಯ ಕನ್ನಡದಲ್ಲೇ ಮಾತಾಡಿದರು.

"ಮೂಗಿನ ಬದಿಯಿಂದ ಬಿಳಿ ಮೇಲೆ ಮಾಂಸದ ಪೊರೆ ಬೆಳೀತಾ ಉಂಟು. ಕಪ್ಪುಗುಡ್ಡೆಗೆ ಹತ್ತಿದ್ರೆ ಆಪರೇಷನ್ನೇ. ದಿನಾ ಬಿಸಿಲಲ್ಲಿ ಇರ್ತೀರಲ್ಲ, ಕೂಲಿಂಗ್ ಗ್ಲಾಸ್ ಎಂಥದ್ದು ಹಾಕ್ತೀರಿ?"

"ನಂಗೆ ಅಂಥ ಶೋಕಿ ಇಲ್ಲ ಡಾಕ್ಟ್ರೇ."

ಡಾಕ್ಟರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಚಪ್ಪಲಿ ಹಾಕಿದ್ದೀರಲ್ಲ, ಅದು ಶೋಕಿಯಾ? ಅಂಗಾಲಿಗಿರುವ ಮರ್ಯಾದೆ ಕಣ್ಣಿಗಿಲ್ವಾ?"

ಹೀಗೆ ತಾತ್ಸಾರ ಮಾಡಿಸಿಕೊಂಡು ಅವಳಿಗೆ ಅಭ್ಯಾಸವಿರಲಿಲ್ಲ. ಆದರೂ ಮಿಕ್ಕದ್ದನ್ನೆಲ್ಲ ಕೇಳಿಸಿಕೊಂಡಳು. ಗಾಜು ಕಪ್ಪಗಿದ್ದ ಮಾತ್ರಕ್ಕೆ ಕಣ್ಣಿಗೆ ರಕ್ಷಣೆಯಿಲ್ಲ. ಅತಿನೇರಳೆ ಕಿರಣವನ್ನು ಪೂರ್ತಿ ತಡೆಯಬೇಕು. ತಡೆಯದ ಕಪ್ಪು ಗಾಜು ಬರಿಗಣ್ಣಿಗಿಂತ ಕೆಟ್ಟದ್ದು, ಏಕೆಂದರೆ ಅದರ ಹಿಂದಿನ ಕತ್ತಲಿಗೆ ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಳ್ಳುತ್ತದೆ. ಬದಿಯಿಂದ ಬೆಳಕು ನುಗ್ಗಬಾರದು.

ಸುದ್ದಿ ಗೋಡೆ ದಾಟಿತು. ಗಿರಿಧರ್ ಬಾಗಿಲಿಗೇ ಬಂದ. "ಮೇಡಂ, ನನ್ ಹತ್ರ ಇನ್ನೊಂದಿದೆ, ತಗೊಳ್ಳಿ. ಎಷ್ಟು ಡಾರ್ಕ್ ನೋಡಿ, ಸೂರ್ಯನೇ ಕಾಣ್ಸಲ್ಲ."

"ಟ್ಯಾಂಕರೂ ಕಾಣುದಿಲ್ಲ" ಎಂದಳು ಭವ್ಯಶ್ರೀ.

ಶುಕ್ರವಾರ ಸಂಜೆ ಅವಳೂ ವಿನಯನೂ ಬಿನ್ ಒಮ್ರಾನ್ ಬಡಾವಣೆಯ ಒಂದು ಕನ್ನಡಕದ ಅಂಗಡಿಗೆ ಹೊರಟರು. ತನ್ನ ಕನ್ನಡಕದ ಸ್ಕ್ರೂ ಸಡಿಲವಾಗಿದೆ ಎಂದು ಗಿರಿಧರನೂ ಕರೆಯದೆಯೇ ಕಾರು ಹತ್ತಿದ.

ಕಲಿಯಲು ಬಂದವರನ್ನು ಗೋಳು ಹೊಯ್ದುಕೊಳ್ಳುವ ಹಾಗೆಯೇ ಅವಳು ಆ ಫ್ರೇಮುಗಳನ್ನು ಗೋಳು ಹೊಯ್ದುಕೊಂಡಳು. ಹಾಕಿಕೊಂಡು ಬ್ರೇಕ್ ನೋಡುವವಳಂತೆ ಕೆಳಗೆ ಬಗ್ಗಿದಳು. ಒಂದು ಮಡಿಲಿಗೇ ಬಿತ್ತು. ಇನ್ನೊಂದರ ಕಡ್ಡಿ ಕಿವಿಯ ಹಿಂದೆ ಒತ್ತಿತು. ಮತ್ತೊಂದಕ್ಕೆ ರೆಪ್ಪೆ ತಾಗಿತು. ಮಡಿಸುವ ಕೀಲು ಕಿರುಗುಟ್ಟಿದವನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಜಿರಳೆಯನ್ನು ಇಡುವ ಹಾಗೆ ಪಕ್ಕಕ್ಕಿಟ್ಟಳು. ಕೌಂಟರಿನ ಮಲಯಾಳಿ ಹೆಂಗಸು ಕೊನೆಗೆ ಎರಡನ್ನು ಉಳಿಸಿಕೊಂಡು, ಒಂದನ್ನು ಅವಳಿಗೆ ಹಾಕಿ, "ಒಮ್ಮೆ ನಗಿ ಮೇಡಂ. ನಕ್ಕಾಗ ಕೆನ್ನೆ ಫ್ರೇಮನ್ನು ಎತ್ತಬಾರದು" ಎಂದು ಹಿಂದಿಯಲ್ಲಿ ಹೇಳಿದಳು.

ಭವ್ಯಶ್ರೀ ಹಲ್ಲು ತೋರಿಸಿದಳು. "ಅದು ನಗು ಅಲ್ಲ" ಎಂದ ವಿನಯ್, ನೆಲ ನೋಡಿಕೊಂಡು.

ಕಿರಣ ಅಳೆಯುವ ಸಣ್ಣ ಯಂತ್ರ ಮೇಜಿನ ಮೇಲೇ ಇತ್ತು. "ಮೊದ್ಲು ನಂದನ್ನ ಇಡಿ, ಒರಿಜಿನಲ್ ಅಂದ್ರೇನು ಅಂತ ಎಲ್ರೂ ನೋಡ್ಲಿ" ಎಂದು ಗಿರಿಧರ್ ತಾನಾಗಿಯೇ ತೆಗೆದುಕೊಟ್ಟ. ಯಂತ್ರದ ಕೆಂಪು ದೀಪ ಹತ್ತಿತು. ಅಡ್ಡಡ್ಡ ತಿರುಗಿಸಿ ಇಟ್ಟರೂ ಕೆಂಪೇ. ಬಂಗಾರದ ಅಕ್ಷರಗಳ ಹಿಂದೆ ಇದ್ದದ್ದು ಬರೀ ಬಣ್ಣ ಬಳಿದ ಪ್ಲಾಸ್ಟಿಕ್.

"ಈ ಮೆಷಿನ್‌ಗೆ ಬ್ರಾಂಡ್ ಗೊತ್ತಾಗಲ್ಲ ಬಿಡಿ" ಎಂದ ಗಿರಿಧರ್, ಗಂಭೀರವಾಗಿ.

ಭವ್ಯಶ್ರೀ ನಕ್ಕಳು. ಹೊಟ್ಟೆ ಹಿಡಿದು, ಅಂಗಡಿಯವರೆಲ್ಲ ತಿರುಗಿ ನೋಡುವಂತೆ ನಕ್ಕಳು. ಮೂಗಿನ ಮೇಲಿದ್ದ ಫ್ರೇಮು ಹುಬ್ಬಿನವರೆಗೆ ಎದ್ದು ನಿಂತಿತು. "ಇದು ಬೇಡ" ಎಂದು ಕೌಂಟರಿನವಳು ಅದನ್ನು ತೆಗೆದು ಉಳಿದದ್ದನ್ನು ಹಾಕಿದಳು. ಗಿರಿಧರ್, ತನಗೆ ಕನ್ನಡಕ ಮಾರಿದ ದುಬೈಯ ಅಂಗಡಿಯವನು ಎಷ್ಟು ಆಪ್ತ ಎಂದು ವಿವರಿಸುತ್ತಲೇ ಇದ್ದ, ಅವಳು ನಗುತ್ತಲೇ ಇದ್ದಳು. ಈ ಸಲದ್ದು ಕದಲಲಿಲ್ಲ.

ಅದನ್ನೇ ಕೊಂಡಳು. ಕಂದು ಬಣ್ಣದ, ಬದಿಗೆ ಬಾಗಿದ, ಬಿದ್ದರೆ ಒಡೆಯದ ಗಾಜು. ಡ್ಯಾಶ್‌ಬೋರ್ಡಿನ ಹೊಳಪನ್ನೂ ನುಂಗುವಂಥದ್ದು. ಕಡ್ಡಿಯ ಮೇಲೆ ಯಾರೂ ಕೇಳಿರದ ಒಂದು ಹೆಸರು. ಯಂತ್ರ ಅದಕ್ಕೆ ಹಸಿರು ತೋರಿಸಿದ ಮೇಲೆಯೇ ಹಣ ಕೊಟ್ಟಳು.

ಚಳಿಗಾಲದ ಹೊತ್ತಿಗೆ ಕಣ್ಣಿನ ಕೆಂಪು ಇಳಿಯಿತು. ಪೊರೆ ಇದ್ದಲ್ಲೇ ನಿಂತಿದೆ, ಆಪರೇಷನ್ ಸದ್ಯಕ್ಕೆ ಬೇಡ ಎಂದರು ಡಾಕ್ಟರ್ ರೋಸ್‌ಮೇರಿ. ಆದರೆ ಅವಳ ತಾತ್ಸಾರ ಒಂದು ಕೂದಲಷ್ಟೂ ಇಳಿಯಲಿಲ್ಲ, ದಿಕ್ಕು ಬದಲಿಸಿತು ಅಷ್ಟೆ. ಈಗ ಬರಿಗಣ್ಣಲ್ಲಿ ಬಿಸಿಲಿಗಿಳಿಯುವವರು ಅವಳ ಪಾಲಿಗೆ ದಡ್ಡರು, ಕನ್ನಡಕವನ್ನು ತಲೆಗೂದಲಿಗೆ ಸಿಕ್ಕಿಸಿಕೊಳ್ಳುವವರು ಕಡುದಡ್ಡರು.

ಗಿರಿಧರ್ ತನ್ನದನ್ನೇ ಹಾಕುತ್ತಾನೆ. ಮನೆಗೆ ಬಂದವರಿಗೆ, "ಭವ್ಯಶ್ರೀ ಮೇಡಂಗೆ ಆ ಗ್ಲಾಸ್ ಸೆಲೆಕ್ಟ್ ಮಾಡಿಕೊಟ್ಟಿದ್ದು ನಾನೇ" ಎನ್ನುತ್ತಾನೆ. ಒಮ್ಮೆ ಅವಳ ಎದುರೇ ಅಂದ. ವಿನಯ್ ಅವಳ ಮುಖ ನೋಡಿದ, ಈಗ ಸಿಡಿಯುತ್ತಾಳೆ ಎಂದು. ಅವಳು ಗಿರಿಧರನನ್ನು ನೋಡುವ ಗೋಜಿಗೂ ಹೋಗದೆ ಕಾರಿನ ಕೀಲಿ ಎತ್ತಿಕೊಂಡು ಹೊರಟಳು.