ಇನ್ನೊಬ್ಬರ ಹೊಲದ ದಾರಿ
ಹೊಸಕೆರೆಹಳ್ಳಿಯ ಚಿಕ್ಕಬೈರಪ್ಪನವರು ಮಗಳು ದಿವ್ಯಳ ಜೊತೆ ಇಂಗ್ಲೆಂಡಿನ ಹಳೆಯ ಹಳ್ಳಿಯೊಂದಕ್ಕೆ ಪ್ರವಾಸ ಹೋದವರು, ಅಲ್ಲಿನ ಹೊಲಗಳಲ್ಲಿ ಅಡ್ಡಾಡಿದಷ್ಟು ದಿನವೂ ಹೆದರುತ್ತಲೇ ನಡೆದರು. ಹಸು ತಲೆಯೆತ್ತಿದರೆ ಟೋಪಿ ತೆಗೆಯುವರು, ಕುರಿಗೂ ‘ಸಾರಿ’ ಅನ್ನುವರು. “ಯಾರದೋ ಜಮೀನು ಕಣಮ್ಮ, ಬೈತಾರೆ, ವಾಪಸ್ ಹೋಗಣ.” “ಹೊಲ ಯಾರದಾದ್ರೂ ದಾರಿ ಎಲ್ಲರದು ಅಪ್ಪಾ, ಇಲ್ಲಿ ಕಾನೂನೇ ಹಾಗೆ, ಬೋರ್ಡ್ ನೋಡಿ.” “ಬೋರ್ಡ್ ಯಾರ್ ಬೇಕಾದ್ರೂ ಹಾಕ್ತಾರೆ!” ಒಂದು ಬೆಳಿಗ್ಗೆ ಹೊಲದ ಯಜಮಾನನೇ ಎದುರಾದಾಗ ಅವರು ಟೋಪಿ ತೆಗೆದು ಮಗಳ ಹಿಂದೆ ಸರಿದರು. ಆತ ನಕ್ಕು, ಬೇಲಿಯ ಬಾಗಿಲು ತೆರೆದು ಹಿಡಿದ. ಚಿಕ್ಕಬೈರಪ್ಪ ದಾಟಲಿಲ್ಲ. “ಹೊಲ ಮಾರಿದ್ಮೇಲೂ ದಾರಿ ಇರತ್ತಾ, ಕೇಳಮ್ಮ.” ದಿವ್ಯ ಕೇಳಿದಳು. “ಇರತ್ತಂತೆ ಅಪ್ಪಾ.” ಊರಲ್ಲಿ ಅವರು ಮಾರಿದ ಹೊಲದ ಮೇಲೆ ಈಗ ಅಪಾರ್ಟ್‌ಮೆಂಟ್ ಇದೆ, ಅದರ ಹಿತ್ತಲಲ್ಲಿ ಹೆಂಡತಿ ಸೊಣ್ಣಮ್ಮನ ಸಮಾಧಿ. ಪ್ರತಿ ಅಮಾವಾಸ್ಯೆಯೂ ಚಿಕ್ಕಬೈರಪ್ಪ ಹೂವು ಹಿಡಿದು ಸೆಕ್ಯುರಿಟಿಯವನ ಮುಂದೆ ನಿಂತು, “ಅಣ್ಣಾ, ಐದೇ ನಿಮಿಷ” ಎಂದು ಬೇಡಿಕೊಳ್ಳುತ್ತಾರೆ.