ಇಲಿಗಳ ಪಂಕ್ತಿ

ಹೈದರಾಬಾದಿನ ನಾರಾಯಣಗೂಡದ ನಮ್ಮ ದೊಡ್ಡಪ್ಪನ ಮನೆಯಲ್ಲಿ ವರ್ಷದಿಂದ ಯಾರೂ ಉಪ್ಪು ತಿಂದಿರಲಿಲ್ಲ. ಉಪ್ಪು ಬಿಡಿ ಎಂದು ಡಾಕ್ಟರು ಹೇಳಿದ್ದು ದೊಡ್ಡಪ್ಪ ಒಬ್ಬರಿಗೇ. ಅವರ ಎರಡೂ ಕಿಡ್ನಿಗಳು ಕೈಕೊಡುತ್ತಿದ್ದವು. ಉಪ್ಪು ಬಂದ್, ಕುಡಿಯುವ ನೀರೂ ಅಳತೆಯ ಮೇಲೆ. ಆದರೆ ಒಂದೇ ಪಂಕ್ತಿಯಲ್ಲಿ ಕೂತವರಿಗೆ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬಡಿಸುವುದು ದೊಡ್ಡವ್ವನ ಪ್ರಕಾರ ಮಹಾಪಾಪ. ಪಂಕ್ತಿಭೇದ ಮಾಡಿದವರು ಮುಂದಿನ ಜನ್ಮದಲ್ಲಿ ಯಾವ ಪ್ರಾಣಿಯಾಗಿ ಹುಟ್ಟುತ್ತಾರೆಂದೂ ಹೇಳುತ್ತಿದ್ದಳು. ಆ ಪ್ರಾಣಿ ಮಾತ್ರ ದಿನಕ್ಕೊಂದು ಬದಲಾಗುತ್ತಿತ್ತು. ಹೀಗಾಗಿ ಮನೆಯವರಿಗೆಲ್ಲ ಸಪ್ಪನೆ ಬ್ಯಾಳಿ, ಸಪ್ಪನೆ ಪಲ್ಯ, ಸಪ್ಪನೆ ಮಜ್ಜಿಗೆ. ಉಪ್ಪಿನಕಾಯಿಯ ಭರಣಿ ಅಟ್ಟ ಸೇರಿತ್ತು. ತಾರ್ನಾಕದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ ಆ ಮನೆಯಲ್ಲೇ ಇದ್ದ ನಾನು ಕ್ಯಾಂಟೀನಿಗೆ ಹೋಗಿ ಮಿರ್ಚಿ ಬಜ್ಜಿಯ ಮೇಲೂ ಉಪ್ಪು ಉದುರಿಸಿಕೊಂಡು ತಿನ್ನುತ್ತಿದ್ದೆ.

ನನ್ನ ಸಂಶೋಧನೆ ಕೆರೆಯ ಗಿಡಗಳ ಮೇಲೆ. ಅಂತರಗಂಗೆ ಎಂಬ ಗಿಡವೊಂದಿದೆ. ಬೇರನ್ನು ನೀರಿಗೆ ಇಳಿಬಿಟ್ಟುಕೊಂಡು, ಯಾರ ಹಂಗೂ ಇಲ್ಲದೆ ಕೆರೆಯ ತುಂಬ ತೇಲುತ್ತದೆ. ಕಿಡ್ನಿ ಕೆಟ್ಟವರಿಗೆ ಅದರ ರಸ ಒಳ್ಳೆಯದೆಂದು ಕೆಲವರು ಹೇಳುತ್ತಿದ್ದರು. ನಿಜವೋ ಸುಳ್ಳೋ ನೋಡುವುದು ನನ್ನ ಕೆಲಸ. ಕಿಡ್ನಿ ಕೆಟ್ಟ ಬಿಳಿ ಇಲಿಗಳಲ್ಲಿ ಅರ್ಧಕ್ಕೆ ರಸ, ಅರ್ಧಕ್ಕೆ ಬರೀ ನೀರು ಕೊಟ್ಟು ರಕ್ತ ಪರೀಕ್ಷೆ ಮಾಡಬೇಕು. ರಸ ಕುಡಿದವು ಮಾತ್ರ ಸುಧಾರಿಸಿದರೆ ರಸದಲ್ಲಿ ಗುಣವಿದೆ ಎಂದರ್ಥ.

ಇದು ದೊಡ್ಡಪ್ಪನ ಕಿವಿಗೆ ಬಿದ್ದದ್ದೇ ತಡ, ನನಗೆ ನೆಮ್ಮದಿ ಇಲ್ಲದಾಯಿತು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಅವರಿಗೆ ಕಾಯುವುದು ಹೊಸದಲ್ಲ, ಆದರೆ ಇಲಿಗಳಿಗಾಗಿ ಎಂದೂ ಕಾದಿರಲಿಲ್ಲ.

"ತಂಗಿ, ನನಗೂ ಒಂದ್ ವಾಟಗಾ ರಸ ಕೊಡು. ಇಲಿಗಿಂತ ನಾ ಏನ್ ಕಡಿಮಿ?"

"ಗೊತ್ತಿಲ್ದ ಕುಡದ್ರ ಇದ್ದ ಕಿಡ್ನಿನೂ ಹೋಗ್ತಾವ್ರಿ, ದೊಡ್ಡಪ್ಪ. ಮೊದ್ಲು ಇಲಿ, ಆಮ್ಯಾಲೆ ನೀವು."

"ಈ ವಯಸ್ಸಿನ್ಯಾಗ ಇಲಿ ಹಿಂದ ಪಾಳಿ ಹಚ್ಚೋದು ಬಂತು," ಎಂದು ಗೊಣಗಿದರು. ಆದರೂ ದಿನಾ ಬೆಳಿಗ್ಗೆ ಇಲಿಗಳ ಕ್ಷೇಮಸಮಾಚಾರ ಕೇಳುವುದನ್ನು ತಪ್ಪಿಸುತ್ತಿರಲಿಲ್ಲ. ಪಾಪ, ಎಲ್ಲ ಆಸೆಯನ್ನೂ ಆ ಇಲಿಗಳ ಮೇಲೇ ಇಟ್ಟಿದ್ದರು.

ಅದು ಊರಿನಲ್ಲಿ ಮೇಲಿಂದ ಮೇಲೆ ಬಂದ್ ನಡೆಯುತ್ತಿದ್ದ ಕಾಲ. ಲ್ಯಾಬಿಗೆ ಬೀಗ ಬಿದ್ದು ಇಲಿಗಳು ಉಪವಾಸ ಬೀಳುವ ಲಕ್ಷಣ ಕಂಡಾಗ ನಮ್ಮ ಗೈಡ್ ಮೇಡಂ ಗೋಡೆಯ ಕಡೆ ನೋಡುತ್ತ, "ನೀವು ಅವನ್ನ ಮನೆಗೆ ಒಯ್ದದ್ದು ನನಗೆ ಗೊತ್ತಿಲ್ಲ," ಎಂದರು. ಪಂಜರಗಳನ್ನು ಆಟೋದಲ್ಲಿ ಹೇರಿದೆ. "ಕಾಟ್ತೆ ಕ್ಯಾ ಮೇಡಂ?" ಎಂದು ಕೇಳಿದ ಆಟೋದವನು, ಕಚ್ಚುವುದಿಲ್ಲ ಎಂದರೂ ನಂಬದೆ ಸೀಟಿನ ತುದಿಯಲ್ಲಿ ಕೂತೇ ನಾರಾಯಣಗೂಡ ಮುಟ್ಟಿಸಿದ.

ಪಡಸಾಲೆಯಲ್ಲಿ ಗೋಡೆಗುಂಟ ಪಂಜರಗಳನ್ನು ಒಂದೇ ಸಾಲಾಗಿ ಇಟ್ಟೆವು. ನಾನು ಕೆರೆಗೆ ಗಿಡ ತರಲು ಹೋದಾಗ ಬಾಟಲಿ ತುಂಬಿಸುವ ಕೆಲಸ ದೊಡ್ಡವ್ವನದು. ಎಡಗಡೆಯವಕ್ಕೆ ಹಸಿರು ರಸ, ಬಲಗಡೆಯವಕ್ಕೆ ನೀರು ಎಂದು ಹೇಳಿಕೊಟ್ಟೆ. ಅವಳು ತಲೆಯಾಡಿಸಿದಳು. ಆ ತಲೆಯಾಡಿಸಿದ ರೀತಿಯಲ್ಲೇ ನನಗೆ ಅನುಮಾನ ಬರಬೇಕಿತ್ತು.

ರಕ್ತ ಪರೀಕ್ಷೆಯಲ್ಲಿ ಎಡಕ್ಕೂ ಬಲಕ್ಕೂ ಯಾವ ಫರಕೂ ಕಾಣಲಿಲ್ಲ. ತಲೆಯ ಮೇಲೆ ಕೈಹೊತ್ತು ಪಂಜರಗಳ ಮುಂದೆ ಕೂತಿದ್ದಾಗ, ಬಲಗಡೆಯ ಇಲಿಯೊಂದು ಮುಖ ಎತ್ತಿ ನನ್ನನ್ನು ನೋಡಿತು. ಅದರ ಮೀಸೆ ಹಸಿರಾಗಿತ್ತು.

"ದೊಡ್ಡವ್ವಾ, ಬಲಗಡಿಯವಕ್ಕೂ ರಸ ಹಾಕೀಯೇನು?"

"ಹಾಕದ ಏನ್ ಮಾಡ್ಲಿ? ಒಂದ ಬ್ಯಾನಿ, ಒಂದ ಸಾಲು. ಮಗ್ಗಲದಾಗಿಂದು ಔಷಧ ಕುಡಿಯಾಕತ್ತಿದ್ರ ಇದು ಮಾರಿ ಮಾರಿ ನೋಡ್ತೈತಿ. ಪಂಕ್ತಿಭೇದ ನನ್ನ ಕೈಲೆ ಆಗೂದಿಲ್ಲ."

"ಅವು ಇಲಿ."

"ಮನಷ್ಯಾರ ಬದ್ಲಿ ಕುಂತಾವಂತ ನೀನ ಹೇಳಿದಿ."

ಬೈಸಿಕೊಳ್ಳಲು ಸಿದ್ಧಳಾಗಿ ಗೈಡ್ ಮೇಡಂ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕು, "ಮಾ ಅಮ್ಮ ಕೂಡಾ ಅಂತೇ," ಎಂದರು. ನನ್ನ ತಾಯಿಯೂ ಹಾಗೇ ಎಂಬ ಅದೊಂದು ಮಾತಿನಿಂದ ನನ್ನ ಜೀವ ಉಳಿಯಿತು. ಹೊಸ ಇಲಿಗಳೊಂದಿಗೆ ಮೊದಲಿನಿಂದ ಮಾಡಲು ಹೇಳಿದರು. ಆದರೆ ಬಂದ್ ಮುಗಿದಿರಲಿಲ್ಲ. ಹೊಸ ಇಲಿಗಳೂ ಅದೇ ಪಡಸಾಲೆಗೆ, ಅದೇ ದೊಡ್ಡವ್ವನ ಕೈಗೆ ಬಂದವು.

ದಾರಿ ತೋರಿಸಿದವರು ದೊಡ್ಡಪ್ಪ. "ಪಂಕ್ತಿ ಕಡದ್ರ ಆತಲ್ಲ? ರೈಲಿನ ಡಬ್ಬಿ ಬಿಡಿಸಿದಂಗ. ನಮ್ಮಪ್ಪ ಊಟಕ್ಕ ಕುಂತಾಗ ನಡುವ ನೀರಿಲೆ ಗೆರಿ ಎಳೀತಿದ್ದ. ಗೆರಿ ಈಚಿಗೆ ಒಂದ್ ಪಂಕ್ತಿ, ಆಚಿಗೆ ಒಂದ್ ಪಂಕ್ತಿ. ಪಾಪ ಇಲ್ಲ."

ದೊಡ್ಡವ್ವ ಒಪ್ಪಿದಳು. ದೊಡ್ಡಪ್ಪ ಎಡ ಬಲಗಳ ನಡುವೆ ನೀರಿನ ಗೆರೆ ಎಳೆದರು. ಆದರೆ ಹೈದರಾಬಾದಿನ ಬೇಸಿಗೆ. ಮಧ್ಯಾಹ್ನದ ಹೊತ್ತಿಗೆ ಗೆರೆ ಆರಿಹೋಗಿ, ದೊಡ್ಡವ್ವ ಹಸಿರು ಬಾಟಲಿ ಹಿಡಿದು ಬಲಗಡೆಗೆ ಹೊರಟದ್ದನ್ನು ನಾನು ನೋಡಿದ್ದು ದೇವರ ದಯ. ಕೂಡಲೇ ರಂಗೋಲಿಯ ದಪ್ಪ ಗೆರೆ ಬಿತ್ತು. ಅದು ನಿಂತಿತು. ದೊಡ್ಡವ್ವ ಬಲಗಡೆಯವಕ್ಕೆ ನೀರು ಹಾಕುವಾಗ ಎರಡು ಮಾತು ಹೆಚ್ಚಿಗೆ ಆಡಿ ಸಮಾಧಾನ ಮಾಡುತ್ತಿದ್ದಳು. ವಿಜ್ಞಾನಕ್ಕೆ ಅದರಿಂದ ತೊಂದರೆಯಾಗಲಿಲ್ಲ.

ಈ ಸಲ ಪರೀಕ್ಷೆ ಚೊಕ್ಕವಾಗಿ ಮುಗಿಯಿತು, ಉತ್ತರವೂ ಚೊಕ್ಕವಾಗಿ ಬಂತು. ಅಂತರಗಂಗೆಯ ರಸ ಇಲಿಗಳಿಗೆ ಉಪಕಾರವನ್ನೂ ಮಾಡಿರಲಿಲ್ಲ, ಅಪಕಾರವನ್ನೂ ಮಾಡಿರಲಿಲ್ಲ. ನನಗೆ ಪ್ರಬಂಧ ಬರೆಯಲು ಅದೂ ಸಾಕು. ದೊಡ್ಡಪ್ಪನಿಗೆ ಹೇಳುವುದೇ ಕಷ್ಟವಾಯಿತು.

"ಒಟ್ಟ ಏನೂ ಫರಕ್ ಇಲ್ಲ?" ಎಂದರು.

"ಏನೂ ಇಲ್ರಿ."

"ಇಲಿಗೋಳಿಗೆ ಭಾಳ ಬ್ಯಾಸರ ಆಗಿರಬೇಕು," ಎಂದರು. ನನಗೆ ಅಳು ಬಂತು.

ಅಂದು ಊಟಕ್ಕೆ ಕೂತಾಗ ದೊಡ್ಡಪ್ಪ ತಮ್ಮ ಪಾಲಿನ ನೀರಿನ ಲೋಟದಲ್ಲಿ ಬೆರಳದ್ದಿ, ತಮಗೂ ನನಗೂ ನಡುವೆ ನೆಲದ ಮೇಲೆ ಗೆರೆ ಎಳೆದರು. "ಭರಣಿ ಇಳಸು," ಎಂದರು ದೊಡ್ಡವ್ವನಿಗೆ. "ನನ್ನ ಔಷಧ ಬರೂತನಕ ಈ ಹುಡುಗಿ ಸಪ್ಪನ್ನ ತಿನ್ಕೋತ ಕುಂತ್ರ ಮುದುಕಿ ಆಗ್ತಾಳ."

ದೊಡ್ಡವ್ವ ಅಟ್ಟದಿಂದ ಭರಣಿ ಇಳಿಸಿ ನನ್ನ ತಟ್ಟೆಗೆ ಒಂದು ಹೋಳು ಮಾವಿನಕಾಯಿ ಹಾಕಿದಳು. ಉಪ್ಪು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಗೆರೆ ಆರಿತ್ತು. ಅವಳು ಉಪ್ಪಿನ ಬಟ್ಟಲು ಹಿಡಿದು ಅಲ್ಲೇ ನಿಂತಳು. ದೊಡ್ಡಪ್ಪ ಮತ್ತೆ ಲೋಟಕ್ಕೆ ಬೆರಳು ಹಾಕಿದರು. ಇದ್ದದ್ದೇ ಎರಡು ಗುಟುಕು ನೀರು. ನಾನು ಅವರ ಕೈ ಹಿಡಿದುಕೊಂಡೆ.

"ಸಾಕ್ರಿ ದೊಡ್ಡಪ್ಪ. ನೀರು ನೀವು ಕುಡೀರಿ. ನನಗ ಸಪ್ಪಂದ ರೂಢಿ ಆಗೈತಿ."

"ತಟ್ಟ್ಯಾಗಿಂದರ ತಿನ್ನು. ಅದು ಗೆರಿ ಇದ್ದಾಗ ಬಡಿಸಿದ್ದು."

ತಿಂದೆ. ವರ್ಷದ ಮೇಲೆ ಆ ಮನೆಯಲ್ಲಿ ಉಪ್ಪು ನನ್ನ ನಾಲಿಗೆಗೆ ತಾಗಿತ್ತು. ದೊಡ್ಡಪ್ಪ ನನ್ನ ಬಾಯನ್ನೇ ನೋಡುತ್ತಿದ್ದರು.

"ಹೆಂಗೈತಿ?"

"ಉಪ್ಪು ಭಾಳ ಆಗೇತ್ರಿ," ಎಂದೆ. "ತಿನ್ನಂಗಿಲ್ಲ."

"ಹಂಗಿದ್ರ ನಾ ಪಾರಾದೆ ಬಿಡು," ಎಂದು ದೊಡ್ಡಪ್ಪ ನಕ್ಕು, ಲೋಟದಲ್ಲಿ ಉಳಿದಿದ್ದ ನೀರು ಕುಡಿದರು.