ಕತ್ತಿ ಕೆಳಗಿಟ್ಟ ಐದು ನಿಮಿಷ

"ನಲವತ್ತು ವರ್ಷ ಆಯ್ತು, ನನ್ನ ಕುರ್ಚಿಯಲ್ಲಿ ಕೂತವನು ಒಬ್ಬನೂ ಹೆದರಿದ್ದಿಲ್ಲ" ಎಂದು ಕಟಿಂಗ್ ಮಾವ ದಿನಕ್ಕೆ ನೂರು ಸಲವಾದರೂ ಹೇಳುತ್ತಿದ್ದ. ಇಡೀ ಬೀದಿಗೆ ಅವನು ಮಾವ. ಅವನ ಬಾಯಿ ಓಡುವ ರಭಸಕ್ಕೆ ಗೋಡೆಯ ಕನ್ನಡಿ ಎರಡು ಸಲ ಬಿರುಕು ಬಿಟ್ಟಿತ್ತು.

ಆ ಬಾಯಿಯನ್ನು ನಂಬಿಯೇ ಬೀದಿಯ ಅಭಿವೃದ್ಧಿ ಸಂಘದವರು ಆರೋಗ್ಯ ಕೇಂದ್ರದ ಜೊತೆ ಕೈಜೋಡಿಸಿ, ಬಿಪಿ ನೋಡುವ ಯಂತ್ರವೊಂದನ್ನು ಅವನ ಕ್ಷೌರದಂಗಡಿಯಲ್ಲಿಟ್ಟರು. ಆಸ್ಪತ್ರೆಯೆಂದರೆ ಮಾರು ದೂರ ಹಾರುವ ಗಂಡಸರೂ ತಿಂಗಳಿಗೊಮ್ಮೆ ಮಾವನಿಗೆ ತಲೆ ಕೊಡಲೇಬೇಕಲ್ಲ. ಬಿಪಿ ಹೆಚ್ಚಿದ್ದವರಿಗೆ ಚೀಟಿ ಬರೆದು ಆರೋಗ್ಯ ಕೇಂದ್ರಕ್ಕೆ ಕಳಿಸುವುದು ಅವನ ಕೆಲಸ.

ಮೊದಲ ವಾರವೇ ನಲವತ್ತೊಂದು ಚೀಟಿ ಹೋದವು. ಅಲ್ಲಿ ನೋಡಿದರೆ ಮೂವತ್ತೈದು ಜನರಿಗೆ ಏನೂ ಇಲ್ಲ. ಯಂತ್ರ ವಾಪಸು ಒಯ್ಯಲೆಂದೇ ಬಂದ ನರ್ಸಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಕುರ್ಚಿಯಲ್ಲಿ ಮುದಿ ಬಡಗಿ. ತೋಳಿಗೆ ಬಿಪಿ ಪಟ್ಟಿ, ಗಂಟಲಿಗೆ ಕ್ಷೌರದ ಕತ್ತಿ. ಸಾಲದ್ದಕ್ಕೆ ಮಾವ, ತಾನೊಮ್ಮೆ ಸೀನಿದಾಗ ಗಿರಾಕಿಯ ಅರ್ಧ ಮೀಸೆ ಹಾರಿಹೋದ ಕಥೆ ಹೇಳುತ್ತಿದ್ದ.

"ಮಾವ, ಗಂಟಲಿಗೆ ಕತ್ತಿ ಹಿಡಿದ್ರೆ ಯಾರ ಬಿಪಿ ಏರಲ್ಲ?"

"ಎರಡೂ ಕೆಲಸ ಒಟ್ಟಿಗೇ ಮುಗೀಲಿ ಅಂತ, ಸಿಸ್ಟರ್. ಇವರೇನು ಹೆದರ್ತಾರೆ?"

"ನಲವತ್ತು ವರ್ಷದಿಂದ ನಾನು ಕಣ್ಣು ಮುಚ್ಕೊಂಡು ಕೂರೋದು ನಿದ್ದೆ ಬಂದು ಅನ್ಕೊಂಡ್ಯಾ?" ಎಂದ ಬಡಗಿ, ತುಟಿ ಅಲುಗಿಸದೆ.

ಮಾವನ ಮುಖ ಸೋಪಿನ ನೊರೆಗಿಂತ ಬಿಳಿಚಿತು. "ಒಂದು ತಿಂಗಳು ಯಂತ್ರ ಬಿಟ್ಟಿರಿ ಸಿಸ್ಟರ್. ಹೇಗೆ ನೋಡ್ಬೇಕೋ ಹಾಗೇ ನೋಡ್ತೀನಿ."

"ಮೊದಲು ಬಿಪಿ, ಆಮೇಲೆ ಕತ್ತಿ. ಅದಕ್ಕೂ ಮೊದಲು ಐದು ನಿಮಿಷ ಅವರು ಸುಮ್ಮನೆ ಕೂತಿರಬೇಕು. ನೀವೂ ಸುಮ್ಮನಿರಬೇಕು."

ಅನ್ನ ಬಿಡು ಎಂದಿದ್ದರೆ ಮಾವ ನಗುತ್ತ ಬಿಡುತ್ತಿದ್ದ. ಆದರೂ ತುಟಿ ಕಚ್ಚಿ ನಿಂತ. ಅಂಗಡಿಯಲ್ಲಿ ಸದ್ದಡಗಿದ್ದಕ್ಕೆ ಬೀದಿನಾಯಿಗಳು ಬೆಚ್ಚಿ ಒಳಗೆ ಇಣುಕಿದವು. ಎದುರಂಗಡಿಯವನು ಮಾವ ತೀರಿಯೇಹೋದನೆಂದು ತನ್ನಂಗಡಿಯ ಬಾಗಿಲೆಳೆಯಲು ಎದ್ದ. ತಿಂಗಳಿಡೀ ಪ್ರತಿ ತಲೆಗೂ ಐದೈದು ನಿಮಿಷ. ಋಷಿಗಳೂ ಇಷ್ಟು ಕಷ್ಟಪಟ್ಟಿರಲಾರರು.

ಹನ್ನೊಂದು ಚೀಟಿ ಹೋದವು, ಹನ್ನೊಂದೂ ನಿಜ. ಅದರಲ್ಲೊಂದು ಬಡಗಿಯದೇ. ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಮೆಟ್ಟಿಲು ಹತ್ತದ ಅವನನ್ನು, "ಗುಳಿಗೆ ತರೋವರೆಗೂ ನಿನ್ನ ಗಡ್ಡಕ್ಕೆ ಕೈ ಹಚ್ಚಲ್ಲ" ಎಂದು ಮಾವನೇ ರಟ್ಟೆ ಹಿಡಿದು ಕರೆದೊಯ್ದಿದ್ದ.

ಯಂತ್ರ ಅಂಗಡಿಯಲ್ಲೇ ಉಳಿಯಿತು. ನರ್ಸಮ್ಮನಿಗೆ ಮಾತ್ರ ಬೆರಗು ಕಳೆದಿರಲಿಲ್ಲ. "ನಾವು ಮನೆಮನೆಗೆ ಹೋಗಿ ಕರೆದ್ರೂ ಬರದೋರು ನಿಮ್ಮ ಹತ್ರ ಹೇಗೆ ಬರ್ತಾರೆ ಮಾವ?"

"ನಿಮ್ಮಲ್ಲಿಗೆ ಬರೋಕೆ ಕಾಯಿಲೆ ಬೇಕು ಸಿಸ್ಟರ್. ನನ್ನಲ್ಲಿಗೆ ಕೂದಲು ಬೆಳೆದ್ರೆ ಸಾಕು."